ಮೂವತ್ತು–ನಲವತ್ತರ ಸೈಟಿನಲ್ಲೊಂದು ಚೆಂದದ ಕೈತೋಟ: ಗಿಡ ತರುವ ಮೊದಲು, ತಂದ ಮೇಲೆ

ಹೊಸ ಮನೆಗೆ ಬಂದ ಮೊದಲ ಭಾನುವಾರವೇ ನಾನು ನರ್ಸರಿಗೆ ಹೋಗಿ ಇಪ್ಪತ್ತೆರಡು ಗಿಡ ತಂದೆ. ಆಟೋದವರು ಎರಡು ಸಲ ಓಡಾಡಬೇಕಾಯಿತು. ಎಲ್ಲವನ್ನೂ ಸಾಲಾಗಿ ಇಟ್ಟು ಫೋಟೋ ತೆಗೆದದ್ದೂ ಆಯಿತು. ಶಿವರಾತ್ರಿಯ ಹೊತ್ತಿಗೆ ಅವುಗಳಲ್ಲಿ ಹದಿನಾಲ್ಕು ಒಣಗಿಯೋ ಕೊಳೆತೋ ಹೋಗಿದ್ದವು. ಉಳಿದ ಎಂಟನ್ನು ನಮ್ಮತ್ತೆ ತೋರಿಸಿ, "ಇವು ನೀನು ನೋಡಿಕೊಂಡದ್ದಕ್ಕೆ ಉಳಿದದ್ದಲ್ಲಮ್ಮ, ಇಟ್ಟ ಜಾಗ ಸರಿಯಾಗಿತ್ತು ಅಷ್ಟೇ" ಎಂದರು. ಕೇಳಲು ಕಷ್ಟವಾದರೂ ಮಾತು ನಿಜ. ಈ ಬರಹದಲ್ಲಿ ಗಿಡಗಳ ವಿಚಾರ ಅರ್ಧ ದಾರಿ ಕಳೆದ ಮೇಲೆ ಬರುವುದು ಅದಕ್ಕೇ. ಅಲಂಕಾರ ಇನ್ನೂ ಕೊನೆಗೆ.

ಉದಾಹರಣೆಗೆ ನಮ್ಮ ಮನೆಯನ್ನೇ ಇಟ್ಟುಕೊಳ್ಳುತ್ತೇನೆ. ಮೈಸೂರಿನಲ್ಲಿ 30×40 ಅಡಿಯ ಸೈಟು, ಪೂರ್ವಕ್ಕೆ ಬಾಗಿಲು. ಮುಂದೆ 12 ಅಡಿ ಅಂಗಳ, ಅದರಲ್ಲಿ ಅರ್ಧ ಕಾರಿನ ಪಾಲು. ದಕ್ಷಿಣಕ್ಕೆ ಮೂರೂವರೆ ಅಡಿಯ ಓಣಿ, ಉತ್ತರಕ್ಕೆ ಮೋಟಾರು, ಪೈಪುಗಳ ಮೂರಡಿ, ಹಿಂದೆ ಇನ್ನೊಂದು ಮೂರಡಿ. ಹಳೆಯ ಬಡಾವಣೆಗಳನ್ನು ಬಿಟ್ಟರೆ ಈಗ ಹೆಚ್ಚಿನವರಿಗೆ ಸಿಗುವುದು ಇಷ್ಟೇ ಜಾಗ.

ಒಂದು: ನೋಡುವುದು

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮನೆಯ ಸುತ್ತಲಿನ ಜಾಗವನ್ನು ಅಳತೆಗೆ ತಕ್ಕಂತೆ ಬರೆದುಕೊಳ್ಳಿ. ಒಂದು ಅಡಿಗೆ ಒಂದು ಸೆಂಟಿಮೀಟರ್ ಇಟ್ಟುಕೊಂಡರೆ ಸಾಕು. ಸಂಪಿನ ಮುಚ್ಚಳ, ಒಳಚರಂಡಿಯ ಚೇಂಬರುಗಳು, ನೀರಿನ ಮೀಟರು, ತಾರಸಿಯಿಂದ ಇಳಿಯುವ ಪೈಪು, ಕಿಟಕಿಗಳು, ಎಲ್ಲವನ್ನೂ ಗುರುತು ಮಾಡಿ. ಚೇಂಬರಿನ ಮೇಲೆ ದೊಡ್ಡ ಕುಂಡ ಇಡುವ ತಪ್ಪನ್ನು ಎಲ್ಲರೂ ಒಮ್ಮೆ ಮಾಡುತ್ತಾರೆ. ಅದು ಕಟ್ಟಿಕೊಳ್ಳುವುದು ಹಬ್ಬದ ದಿನವೇ. ಸಂಪಿನ ಹತ್ತಿರ ಆಲ, ಅರಳಿ, ಅತ್ತಿಯ ಜಾತಿಯ ಯಾವುದೂ ಬೇಡ. ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕು ಸಿಕ್ಕರೂ ಅವುಗಳ ಬೇರು ನುಸುಳುತ್ತದೆ.

ಆಮೇಲೆ ಬಿಸಿಲು. ಬೆಳಿಗ್ಗೆ ಒಂಬತ್ತು, ನಡುಹಗಲು, ಮಧ್ಯಾಹ್ನ ಮೂರು, ಈ ಮೂರು ಹೊತ್ತಿನಲ್ಲಿ ಬಿಸಿಲು ಎಲ್ಲೆಲ್ಲಿ ಬೀಳುತ್ತದೆ ಎಂದು ಬೇರೆ ಬೇರೆ ಬಣ್ಣದ ಪೆನ್ಸಿಲಿನಲ್ಲಿ ತೀಡಿ. ಇದನ್ನು ಒಂದೇ ದಿನ ನೋಡಿ ಮುಗಿಸಿದರೆ ಮೋಸಹೋಗುತ್ತೀರಿ. ನಮ್ಮ ಕಡೆ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ, ಉಳಿದ ತಿಂಗಳು ದಕ್ಷಿಣಕ್ಕೆ. ನಮ್ಮ ಓಣಿಯ ಕಥೆ ಕೇಳಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣದಲ್ಲಿ ಬಾಗಿದಾಗ ಪಕ್ಕದ ಮನೆಯ ಎರಡು ಅಂತಸ್ತು ಅಡ್ಡ ಬರುತ್ತದೆ. ಜೂನಿನಲ್ಲಿ ಉತ್ತರಕ್ಕೆ ಹೋದಾಗ ನಮ್ಮ ಮನೆಯ ನೆರಳೇ ನಾಲ್ಕು ಅಡಿ ಚಾಚಿ ಇಡೀ ಓಣಿಯನ್ನು ಮುಚ್ಚುತ್ತದೆ. ಸೂರ್ಯ ನೆತ್ತಿಯ ಮೇಲೆ ಬರುವ ಏಪ್ರಿಲ್ ಮತ್ತು ಆಗಸ್ಟಿನ ಕೆಲವು ವಾರ ಮಾತ್ರ ಅಲ್ಲಿ ನಡುಹಗಲ ಬಿಸಿಲು. ನಾನು ಗುಲಾಬಿ ತಂದದ್ದು ಏಪ್ರಿಲಿನಲ್ಲಿ. ಬಿಸಿಲು ಕಂಡು ಅಲ್ಲೇ ನೆಟ್ಟೆ.

ಮುಂದಿನ ಕಾಂಪೌಂಡಿನ ವಿಚಾರವೂ ಇದೆ. ನಮ್ಮದು ಮೂರು ಅಡಿ ಗೋಡೆ, ಅದರ ಮೇಲೆ ಎರಡು ಅಡಿ ಗ್ರಿಲ್. ಹೊರಗಿನವರಿಗೆ ಕಾಣಬಾರದೆಂದು ಕೆಲವರು ಗ್ರಿಲ್ಲಿಗೆ ಶೀಟು ಹೊಡೆಸುತ್ತಾರೆ. ಹಾಗೆ ಐದು ಅಡಿ ಮುಚ್ಚಿದ ಗೋಡೆಯ ನೆರಳು ಬೆಳಿಗ್ಗೆ ಒಂಬತ್ತಕ್ಕೂ ಸುಮಾರು ಆರು ಅಡಿ ಒಳಕ್ಕೆ ಚಾಚಿರುತ್ತದೆ. ಗೋಡೆ ಬುಡದ ಪಾತಿಗೆ ದಿನಕ್ಕೆ ಒಂದೂವರೆ ಎರಡು ಗಂಟೆಯ ಬಿಸಿಲು ಖೋತಾ. ಮರೆ ಬೇಕಾದರೆ ಗ್ರಿಲ್ಲಿಗೆ ಶಂಖಪುಷ್ಪದ ಬಳ್ಳಿ ಹಬ್ಬಿಸಿ. ಎಲೆಗಳ ನಡುವೆ ಬೆಳಕೂ ಬರುತ್ತದೆ, ಗಾಳಿಯೂ ಆಡುತ್ತದೆ.

ಮಳೆ ಬಂದಾಗ ಕೊಡೆ ಹಿಡಿದು ಒಂದು ಸುತ್ತು ಹಾಕಿ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಎಲ್ಲಿಗೆ ಓಡುತ್ತದೆ ಎಂಬುದನ್ನು ಆ ಕ್ಯಾಲೆಂಡರಿನ ಮೇಲೆ ಬಾಣದ ಗುರುತಿನಲ್ಲಿ ಬರೆಯಿರಿ. ಇಡೀ ಕೆಲಸದಲ್ಲಿ ನಯಾಪೈಸೆ ಖರ್ಚಿಲ್ಲದೆ ಸಿಗುವ ಅತ್ಯಂತ ಉಪಯುಕ್ತ ಮಾಹಿತಿ ಇದು.

ಎರಡು: ತೆಗೆಯುವುದು

ಒಡೆದ ಬಕೆಟ್ಟು, ಕಟ್ಟಡದ ಕೆಲಸದಲ್ಲಿ ಉಳಿದ ಟೈಲ್ಸ್, ತಳ ಬಿರಿದ ಡ್ರಮ್ಮು, "ಯಾವುದಕ್ಕಾದರೂ ಬೇಕಾಗಬಹುದು" ಎಂದು ಇಟ್ಟ ಪೈಪಿನ ತುಂಡು, ಎಲ್ಲ ಹೊರಗೆ. ಇಷ್ಟು ಮಾಡಿದರೇ ಅರ್ಧ ಅಂಗಳ ಚೆಂದವಾಗುತ್ತದೆ, ಉತ್ಪ್ರೇಕ್ಷೆಯಲ್ಲ.

ಮಣ್ಣಿನ ಒಳಗಿನದನ್ನೂ ತೆಗೆಯಬೇಕು. ಮನೆ ಕಟ್ಟಿದವರು ಹೋಗುವಾಗ ಸಿಮೆಂಟಿನ ಗಟ್ಟಿ, ಇಟ್ಟಿಗೆ ಚೂರು, ಗುಟ್ಕಾ ಚೀಟಿ, ಮೊಳೆ, ಎಲ್ಲವನ್ನೂ ಅಲ್ಲೇ ಹೂತು ಮೇಲೆ ನಾಲ್ಕು ಇಂಚು ಕೆಂಪು ಮಣ್ಣು ಹರಡಿರುತ್ತಾರೆ. ಸಿಮೆಂಟು ಬೆರೆತ ಮಣ್ಣು ಕ್ಷಾರವಾಗಿ ಗಿಡದ ಎಳೆ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು ಉಳಿಯುತ್ತದೆ. ನಾವು ಅದಕ್ಕೆ ಮತ್ತೆ ಮತ್ತೆ ಗೊಬ್ಬರ ಸುರಿಯುತ್ತೇವೆ. ಪಾತಿ ಮಾಡುವ ಕಡೆ ಒಂದು ಅಡಿ ಆಳಕ್ಕೆ ಅಗೆದು ಮರಳು ಜರಡಿಯಲ್ಲಿ ಜಾಲಿಸಿ. ನಮ್ಮಲ್ಲಿ 14 ಅಡಿ ಉದ್ದ, 2 ಅಡಿ ಅಗಲದ ಪಾತಿಯಿಂದ ಹನ್ನೊಂದು ಬಾಂಡಲಿ ಚೂರುಪಾರು ಬಂತು. ಜೊತೆಗೆ ಒಂದು ಒಳ್ಳೆಯ ಕರಣಿ, ತೊಳೆದು ಇಟ್ಟುಕೊಂಡಿದ್ದೇನೆ.

ಮೂರು: ನೀರಿಗೆ ದಾರಿ, ಕಾಲಿಗೆ ದಾರಿ

ಓಣಿಗೆ ಕಲ್ಲು ಹಾಸಬೇಕೆಂದು ಗಾರೆಯವರನ್ನು ಕರೆದೆ. ನಾನು ಕಲ್ಲಿನ ಬಣ್ಣದ ಮಾತು ತೆಗೆದರೆ ಅವರು, "ನೀರು ಎಲ್ಲಿಗೆ ಹೋಗಬೇಕು ಅಂತ ಮೊದಲು ಹೇಳಿ ಅಮ್ಮಾ, ಕಲ್ಲು ಯಾವುದಾದರೂ ಆಗುತ್ತೆ" ಎಂದರು. ಆ ದಿನದಿಂದ ನಾನು ಯಾರ ಮನೆಯ ಅಂಗಳಕ್ಕೆ ಹೋದರೂ ಮೊದಲು ನೋಡುವುದು ಇಳಿಜಾರನ್ನೇ.

ಲೆಕ್ಕ ಸುಲಭ. ಎಂಟು ಅಡಿಗೆ ಒಂದು ಇಂಚು ಇಳಿದರೆ ಸಾಕು. ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ಗೊತ್ತಾಗುತ್ತದೆ. ನಮ್ಮ ಓಣಿ ಹಿಂದಿನ ಮೂಲೆಯಿಂದ ಮುಂದಿನವರೆಗೆ 28 ಅಡಿ, ಹಾಗಾಗಿ ಮೂರೂವರೆ ಇಂಚು ಇಳಿಜಾರು. ಜೊತೆಗೆ ಮನೆ ಗೋಡೆಯಿಂದ ಕಾಂಪೌಂಡಿನ ಕಡೆಗೆ ಅರ್ಧ ಇಂಚು ವಾಲು. ಇದನ್ನು ಅಳೆಯಲು ಯಂತ್ರ ಬೇಡ. ಪಾರದರ್ಶಕ ಪೈಪಿನಲ್ಲಿ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿ ಎರಡು ತುದಿಗೆ ಇಬ್ಬರು ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಗೋಡೆಯ ಮೇಲೆ ಆ ಮಟ್ಟದ ಗುರುತು ಹಾಕಿ, ಅಲ್ಲಿಂದ ಕೆಳಕ್ಕೆ ಅಳೆದು ದಾರ ಕಟ್ಟಿ.

ಕಲ್ಲಿನ ಆಯ್ಕೆ ನಿಮ್ಮೂರಿನ ಹತ್ತಿರ ಸಿಗುವುದರ ಮೇಲೆ ಬಿಡುವುದು ಜಾಣತನ. ಬೆಂಗಳೂರಿನ ಸುತ್ತ ಸಾದರಹಳ್ಳಿ ಕಲ್ಲು, ಕಲಬುರಗಿಯ ಕಡೆ ಶಹಾಬಾದ್ ಕಲ್ಲು, ಕರಾವಳಿಯಲ್ಲಿ ಮುರಕಲ್ಲು. ಪಾಲಿಶ್ ಮಾಡಿದ ಗ್ರಾನೈಟ್ ಮಾತ್ರ ಹೊರಗೆ ಬೇಡವೇ ಬೇಡ. ಮಳೆಯಲ್ಲಿ ಜಾರುತ್ತದೆ, ವಯಸ್ಸಾದವರ ಸೊಂಟಕ್ಕೆ ಸಂಚಕಾರ. ಕೈಯಿಂದ ಕೆತ್ತಿದ ಒರಟು ಮೈಯ ಚಪ್ಪಡಿಯೇ ಲೇಸು. ಎರಡು ಅಡಿಗೆ ಒಂದೂವರೆ ಅಡಿಯ, ಎರಡು ಇಂಚು ದಪ್ಪದ ಚಪ್ಪಡಿ ಸುಮಾರು 37 ಕಿಲೋ ತೂಗುತ್ತದೆ. ಒಬ್ಬರೇ ಎತ್ತಲು ಹೋಗಬೇಡಿ.

ಹಾಸುವ ಮುಂಚೆ ಒಂದು ಕೆಲಸ ಮಾಡಿ. ಕಾಲು ಒದ್ದೆ ಮಾಡಿಕೊಂಡು ಒಣ ನೆಲದ ಮೇಲೆ ಎಂದಿನಂತೆ ನಡೆಯಿರಿ. ಮನೆಯಲ್ಲಿ ಆ ದಾರಿಯನ್ನು ಹೆಚ್ಚು ಬಳಸುವವರು ಯಾರೋ ಅವರೇ ನಡೆಯಲಿ. ಹೆಜ್ಜೆ ಗುರುತಿನ ಅಂತರವನ್ನು ಅಳೆದು ಕಲ್ಲುಗಳ ನಡುವಿನ ಅಂತರವನ್ನು ಅದಕ್ಕೆ ಹೊಂದಿಸಿ. ನಮ್ಮತ್ತೆಯ ಹೆಜ್ಜೆ 19 ಇಂಚು, ನಮ್ಮವರದು 26. ದಿನಾ ಹೂ ಕೊಯ್ಯಲು ಓಡಾಡುವವರು ಅತ್ತೆ, ಆದ್ದರಿಂದ 19 ಇಂಚೇ ತೀರ್ಮಾನವಾಯಿತು. ಒಂದೂವರೆ ಅಡಿಯ ಬದಿಯನ್ನು ನಡಿಗೆಯ ದಿಕ್ಕಿಗೆ ಇಟ್ಟರೆ ನಡುವೆ ಒಂದು ಇಂಚಿನ ಸಂದು ಉಳಿಯುತ್ತದೆ.

ಹಾಸುವ ಕ್ರಮ ಹೀಗೆ. ಐದು ಇಂಚು ಅಗೆದು ತಳವನ್ನು ದಿಮ್ಮಸಿನಿಂದ ಬಡಿಯಿರಿ. ಎರಡೂವರೆ ಇಂಚು ಸಣ್ಣ ಜಲ್ಲಿ ಹರಡಿ ಮತ್ತೆ ಬಡಿಯಿರಿ. ಅದರ ಮೇಲೆ ಒಂದು ಇಂಚು ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು), ಪಟ್ಟಿಯಿಂದ ಎಳೆದು ಸಮ ಮಾಡಿ. ಕಲ್ಲಿಟ್ಟು ರಬ್ಬರ್ ಸುತ್ತಿಗೆಯಿಂದ ನಾಲ್ಕೂ ಮೂಲೆಗೆ ತಟ್ಟಿ, ಆಮೇಲೆ ಅದರ ಮೇಲೆ ನಿಂತು ಒಂದೊಂದು ಮೂಲೆಗೂ ಭಾರ ಹಾಕಿ. ಟಕ್ ಎಂದು ಅಲುಗಿದರೆ ಎತ್ತಿ ಮರಳು ಸರಿಮಾಡಿ ಮತ್ತೆ ಇಡಿ. ಇಂದು ಸೋಮಾರಿತನಕ್ಕೆ ಬಿಟ್ಟ ಆ ಅಲುಗಾಟ ಮಳೆಗಾಲದಲ್ಲಿ ಕೆಸರನ್ನು ಸೀರೆಯವರೆಗೂ ಹಾರಿಸುತ್ತದೆ. ಕಲ್ಲಿನ ಮೇಲ್ಮೈ ಪಕ್ಕದ ಮಣ್ಣಿಗಿಂತ ಅರ್ಧ ಇಂಚು ಎತ್ತರವಿರಲಿ, ಮಣ್ಣು ಮೇಲೆ ಹರಿದು ಬರುವುದಿಲ್ಲ. ಸಂದುಗಳಿಗೆ ಸಿಮೆಂಟು ಮೆತ್ತಬೇಡಿ. ನೀರು ಇಂಗಲು ಇರುವ ಬಾಯಿಯೇ ಅದು.

ತಾರಸಿಯ ನೀರಿನ ಬಗ್ಗೆ ಒಂದು ಲೆಕ್ಕ. ನಮ್ಮ ತಾರಸಿ ಸುಮಾರು 590 ಚದರ ಅಡಿ. ಹತ್ತು ಮಿಲಿಮೀಟರ್ ಮಳೆ ಬಂದರೆ 550 ಲೀಟರ್ ನೀರು ಇಳಿಯುತ್ತದೆ. ಎರಡು ಅಡಿ ಅಗಲ, ನಾಲ್ಕು ಅಡಿ ಆಳದ ಇಂಗುಗುಂಡಿಗೆ ಜಲ್ಲಿ ತುಂಬಿದ ಮೇಲೆ ಒಮ್ಮೆಗೆ ಹಿಡಿಯುವುದು 140 ಲೀಟರಿನ ಆಸುಪಾಸು. ಆದ್ದರಿಂದ ಗುಂಡಿ ಮಾಡಿಸಿದರೂ ಉಕ್ಕಿದ ನೀರು ಹೊರಹೋಗಲು ಪೈಪು ಬೇಕೇಬೇಕು, ಮತ್ತು ಗುಂಡಿ ಪಾಯದಿಂದಲೂ ಸಂಪಿನಿಂದಲೂ ಆದಷ್ಟು ದೂರ ಇರಬೇಕು. ಅಷ್ಟು ಜಾಗ ಇಲ್ಲದಿದ್ದರೆ ಡ್ರಮ್ಮಿನಲ್ಲಿ ಹಿಡಿದು ಗಿಡಕ್ಕೆ ಹಾಕಿ, ಬಟ್ಟೆ ಕಟ್ಟಿ ಮುಚ್ಚಿಡಿ.

ನಾಲ್ಕು: ಪಾತಿ ಮತ್ತು ಮಣ್ಣು

ಮನೆಯ ಗೋಡೆಗೆ ತಾಗಿಸಿ ಪಾತಿ ಮಾಡಬೇಡಿ. ಒಂದು ಅಡಿ ಬಿಡಿ. ಮಣ್ಣಿನ ಮಟ್ಟ ಮನೆಯ ನೆಲಗಟ್ಟಿಗಿಂತ ಆರು ಇಂಚಾದರೂ ಕೆಳಗಿರಲಿ. ಇಲ್ಲದಿದ್ದರೆ ಎರಡನೆಯ ಮಳೆಗಾಲಕ್ಕೆ ಒಳಗೋಡೆಯ ಬಣ್ಣ ಹೊಪ್ಪಳಿಕೆ ಏಳುತ್ತದೆ, ಗಿಡಕ್ಕೆ ಹಾಕಿದ ನೀರು ಹಾಲ್‌ನಲ್ಲಿ ಕಾಣಿಸಿಕೊಳ್ಳುತ್ತದೆ.

ಪಾತಿಯ ಅಂಚಿಗೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಕೆಂಪು ಬಿಳಿ ಬಣ್ಣ ಬಳಿಯುವುದು ಸರ್ಕಾರಿ ಅತಿಥಿಗೃಹದ ಪದ್ಧತಿ. ನಮ್ಮ ಮನೆಗೆ ನನಗೆ ಇಷ್ಟವಾದದ್ದು ಹಳೆಯ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಹೆಂಚು ನಮ್ಮ ನಾಡಿನ ಮೂಲೆಮೂಲೆಯ ಮಾಡು ಹತ್ತಿತು. ಈಗ ಹಳೆ ಮನೆ ಕೆಡವಿದಾಗಲೆಲ್ಲ ರಾಶಿಗಟ್ಟಲೆ ಕೆಳಗಿಳಿಯುತ್ತಿದೆ. ಹೆಂಚಿನ ಮೂರನೇ ಎರಡು ಭಾಗ ಮಣ್ಣಿನೊಳಗೆ ಹೂತು, ಕಾರ್ಖಾನೆಯ ಹೆಸರು ಅಚ್ಚಾದ ಮುಖ ಹೊರಕ್ಕೆ ಕಾಣುವಂತೆ ನಿಲ್ಲಿಸಿದರೆ ಅಂಚೂ ಆಯಿತು, ನೋಟವೂ ಆಯಿತು. ಎರಡು ಮಳೆಗಾಲ ಕಳೆದರೆ ಅದರ ಮೇಲೆ ಪಾಚಿ ಹಿಡಿದು ಇನ್ನೂ ಚೆಂದ.

ಮಣ್ಣಿಗೆ ಹಳೆಯ ಲೆಕ್ಕವೇ ಸಾಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು, ಬಾಂಡಲಿಗೆ ಒಂದು ಹಿಡಿ ಬೇವಿನ ಹಿಂಡಿ. ಗೊಬ್ಬರ ಕಳಿತಿದೆಯೇ ಎಂಬುದನ್ನು ಮೂಗು ಹೇಳುತ್ತದೆ; ಸಗಣಿಯ ವಾಸನೆ ಬಂದರೆ ಇನ್ನೂ ಹಸಿ, ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಸರಿ. ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಕುಂಡಕ್ಕೆ ಹಗುರ, ಆದರೆ ಅದರಲ್ಲಿ ಉಪ್ಪಿರುತ್ತದೆ. ಎರಡು ಮೂರು ನೀರಿನಲ್ಲಿ ತೊಳೆದೇ ಬಳಸಿ. ಪಾತಿಯ ತಳಕ್ಕೆ ತೆಂಗಿನಕಾಯಿಯ ಸಿಪ್ಪೆಯನ್ನು ನಾರಿನ ಬದಿ ಮೇಲಾಗಿ ಒಂದು ಸಾಲು ಜೋಡಿಸಿದರೆ ಬೇಸಿಗೆಯಲ್ಲಿ ತೇವ ಹಿಡಿದಿಡುತ್ತದೆ. ತೆಂಗಿನ ತೋಟದವರು ಮರದ ಬುಡಕ್ಕೆ ಮಾಡುವುದೂ ಇದನ್ನೇ.

ಮೈಸೂರಿನಲ್ಲಿ ವರ್ಷಕ್ಕೆ 800 ಮಿಲಿಮೀಟರ್ ಆಸುಪಾಸು ಮಳೆ, ಕೆಂಪು ಮಣ್ಣು, ಹಾಗಾಗಿ ಪಾತಿ ನೆಲಮಟ್ಟದಲ್ಲಿದ್ದರೂ ನಡೆಯುತ್ತದೆ. ಮಂಗಳೂರು, ಉಡುಪಿಯವರು ಪಾತಿಯನ್ನು ಒಂದು ಅಡಿಯಾದರೂ ಏರಿಸಲೇಬೇಕು. ಧಾರವಾಡದ ಆಚೆ ಎರೆಮಣ್ಣಿನವರೂ ಏರಿಸಿ, ಮರಳಿನ ಪಾಲು ಹೆಚ್ಚು ಮಾಡಿಕೊಳ್ಳಬೇಕು. ಅನುಮಾನವಿದ್ದರೆ ಒಂದು ಅಡಿ ಗುಂಡಿ ತೋಡಿ ನೀರು ತುಂಬಿ. ಬೆಳಿಗ್ಗೆ ತುಂಬಿದ್ದು ಸಂಜೆಗೂ ನಿಂತಿದ್ದರೆ ಅಲ್ಲಿ ಮಲ್ಲಿಗೆ ಬದುಕುವುದಿಲ್ಲ.

ಐದು: ಗೋಡೆಗೊಂದು ಬಣ್ಣ

ಗಿಡದ ಹಿಂದಿನ ಗೋಡೆ ನಾಟಕದ ಪರದೆಯಿದ್ದಂತೆ. ಕಾಂಪೌಂಡಿಗೆ ಹಸಿರು ಬಣ್ಣ ಬಳಿದರೆ ಹಸಿರೆಲೆ ಅದರಲ್ಲಿ ಕರಗಿಹೋಗುತ್ತದೆ. ಸುಣ್ಣದ ಬಿಳುಪು ಅಥವಾ ಕೆಮ್ಮಣ್ಣಿನ ಬಣ್ಣ ಇದ್ದರೆ ಒಂದೊಂದು ಎಲೆಯೂ ಎದ್ದು ಕಾಣುತ್ತದೆ. ನಾವು ಓಣಿಯ ಗೋಡೆಗೆ ಸುಣ್ಣ, ಕೆಳಗಿನ ಒಂದೂವರೆ ಅಡಿಗೆ ಜಾಜಿನ ಪಟ್ಟಿ ಹೊಡೆಸಿದೆವು. ಮಳೆಯ ಕೆಸರು ಸಿಡಿದರೂ ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಹಳ್ಳಿಮನೆಗಳಲ್ಲಿ ಅದನ್ನು ಬಳಿಯುತ್ತಿದ್ದದ್ದರ ಗುಟ್ಟು ಇದೇ ಇರಬೇಕು. ಕತ್ತಲೆ ಓಣಿಗೆ ಸುಣ್ಣದ ಗೋಡೆ ಬೆಳಕನ್ನೂ ತರುತ್ತದೆ, ನೆರಳಿನ ಗಿಡಗಳಿಗೆ ಅದೇ ಬಿಸಿಲು.

ಗೋಡೆಗೆ ಅಂಟಿಕೊಂಡೇ ಹಬ್ಬುವ ಬಳ್ಳಿಗಳು ಬೇಡ. ಕೀಳಲು ಹೋದರೆ ಗಾರೆಯೂ ಕಿತ್ತು ಬರುತ್ತದೆ. ಗೋಡೆಯಿಂದ ಎರಡು ಇಂಚು ಬಿಟ್ಟು ತಂತಿ ಕಟ್ಟಿ, ಅದಕ್ಕೆ ಹಬ್ಬಿಸಿ.

ಆರು: ಈಗ ಗಿಡ

ಬೆಂಗಳೂರಿನ ಬೀದಿಗಳಲ್ಲಿ ಒಂದಾದ ಮೇಲೊಂದು ಮರ ಹೂಬಿಡುವುದನ್ನು ನೋಡಿರುತ್ತೀರಿ. ಜರ್ಮನಿಯಲ್ಲಿ ಹುಟ್ಟಿ, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿ, ಲಾಲ್‌ಬಾಗನ್ನು ನೋಡಿಕೊಂಡ ಕ್ರುಂಬಿಗಲ್ ಅವರ ಹೆಸರನ್ನು ಈ ಸರದಿ ಹೂವಿನ ಯೋಚನೆಯ ಜೊತೆ ಹೇಳುತ್ತಾರೆ. ಅದೇ ಯೋಚನೆಯನ್ನು 14 ಅಡಿಯ ಪಾತಿಗೂ ಇಳಿಸಬಹುದು. ನರ್ಸರಿಯಲ್ಲಿ ಆ ದಿನ ಹೂ ಬಿಟ್ಟಿರುವ ಗಿಡಗಳನ್ನೇ ಆರಿಸಿ ತಂದರೆ ಎಲ್ಲವೂ ಒಟ್ಟಿಗೆ ಅರಳಿ ಒಟ್ಟಿಗೆ ಮುಗಿಯುತ್ತವೆ.

ನಮ್ಮ ಪಾತಿಯ ಸರದಿ ಹೀಗಿದೆ. ಮಾರ್ಚಿನಿಂದ ಗುಂಡುಮಲ್ಲಿಗೆ. ಜೂನ್ ಮಳೆಗೆ ದಾಸವಾಳ ಉಕ್ಕುತ್ತದೆ, ಹಾಗೆ ನೋಡಿದರೆ ಅದು ವರ್ಷವಿಡೀ ನಾಲ್ಕೈದು ಹೂ ತಪ್ಪಿಸುವುದಿಲ್ಲ. ಆಗಸ್ಟಿನಿಂದ ಪಾರಿಜಾತ. ಜುಲೈ ಕೊನೆಗೆ ಚೆಂಡುಹೂವಿನ ಬೀಜ ಹಾಕಿದರೆ ಎರಡು ತಿಂಗಳಿಗೆ, ದಸರೆಯ ಆಯುಧಪೂಜೆಗೆ ನಿಮ್ಮದೇ ಹೂ. ನವೆಂಬರಿನಲ್ಲಿ ಸೇವಂತಿಗೆ. ಇವುಗಳ ನಡುವೆ ಸದಾ ಇರಲೆಂದು ಕನಕಾಂಬರ ಮತ್ತು ನಿತ್ಯಪುಷ್ಪ. ಕನಕಾಂಬರಕ್ಕೆ ಅರೆನೆರಳೂ ಆಗುತ್ತದೆ. ಹೆಂಚಿನ ಅಂಚಿನ ಪಕ್ಕದಲ್ಲೇ ಅದರ ಸಾಲು ಇಟ್ಟರೆ ಕೊಯ್ಯಲು ಬಗ್ಗುವುದೂ ಕಡಿಮೆ.

ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿರದ ಮಾತೆಂದರೆ ಇಂದು ಒಂದು ಅಡಿ ಇರುವ ನಂದಿಬಟ್ಟಲು ಮೂರು ವರ್ಷಕ್ಕೆ ಆರು ಅಡಿ ಆಗುತ್ತದೆ. ನಡುವೆ ಬಿಡುವ ಜಾಗ ಮೊದಲ ವರ್ಷ ಬೋಳು ಬೋಳಾಗಿ ಕಾಣಲಿ ಬಿಡಿ. ತುಂಬಲೇಬೇಕೆನಿಸಿದರೆ ಆ ಒಂದು ವರ್ಷಕ್ಕೆ ದಂಟು, ಮೆಂತ್ಯ, ಕೊತ್ತಂಬರಿ ಚೆಲ್ಲಿ. ಹದಿನಾಲ್ಕು ಅಡಿಗೆ ಎರಡು ದಾಸವಾಳ, ಒಂದು ನಂದಿಬಟ್ಟಲು, ಒಂದು ಮಲ್ಲಿಗೆ, ಮೂಲೆಗೊಂದು ಪಾರಿಜಾತ; ದೊಡ್ಡ ಗಿಡ ಇದಕ್ಕಿಂತ ಹೆಚ್ಚು ಬೇಡ. ಸಂಪಿಗೆ ಆಸೆ ಹುಟ್ಟಿಸುತ್ತದೆ, ಆದರೆ ಅದು ಮರ. ಮೂವತ್ತು–ನಲವತ್ತರ ಸೈಟು ಅದಕ್ಕೆ ಸಾಲದು.

ಪಾರಿಜಾತವನ್ನು ಮಣ್ಣಿನ ಮೇಲಲ್ಲ, ಕಲ್ಲುಹಾಸಿನ ಮೇಲೆ ಕೊಂಬೆ ಚಾಚುವಂತೆ ಬೆಳೆಸಿ. ರಾತ್ರಿ ಅರಳಿ ಬೆಳಗಿನ ಜಾವ ಉದುರುವ ಹೂ ಅದು. ಹಿಂದಿನ ಸಂಜೆ ಗುಡಿಸಿದ ಕಪ್ಪು ಚಪ್ಪಡಿಯ ಮೇಲೆ ಬಿಳಿ ಎಸಳು, ಕೇಸರಿ ತೊಟ್ಟು, ಕೆಲವು ಅಂಗಾತ, ಕೆಲವು ಬೋರಲು. ಇದಕ್ಕಿಂತ ದೊಡ್ಡ ಅಲಂಕಾರವನ್ನು ನಾನು ದುಡ್ಡು ಕೊಟ್ಟು ತಂದಿಲ್ಲ.

ಓಣಿಗೆ ನೆರಳಿನ ಗಿಡಗಳೇ ಗತಿ, ಮತ್ತು ಅವು ಕಡಿಮೆಯೇನಲ್ಲ. ಜರೀಗಿಡ, ಕೆಸು, ಸಿಂಗೋನಿಯಂ, ಸ್ನೇಕ್ ಪ್ಲಾಂಟ್, ತಂತಿಯ ಮೇಲೆ ವೀಳ್ಯದೆಲೆ, ಕಲ್ಲಿನ ಸಂದಿನಲ್ಲಿ ತೇವ ಇರುವಲ್ಲಿ ಒಂದೆಲಗ. ಅಲ್ಲಿ ಹೂವಿನ ಬಣ್ಣ ಹುಡುಕದೆ ಎಲೆಯ ಆಕಾರ ನೋಡಿ. ಅಗಲದ ಕೆಸುವಿನ ಪಕ್ಕ ಸಣ್ಣೆಲೆಯ ಜರೀಗಿಡ, ಅದರ ಹಿಂದೆ ನೆಟ್ಟಗೆ ನಿಂತ ಸ್ನೇಕ್ ಪ್ಲಾಂಟ್. ಮೂರೇ ಜಾತಿ ಆರಿಸಿ, ಒಂದೊಂದನ್ನೂ ಐದೈದು ಇಡಿ. ಹದಿನೈದು ಜಾತಿಯ ಒಂದೊಂದು ಗಿಡ ಇಟ್ಟರೆ ಅದು ನರ್ಸರಿಯಂತೆ ಕಾಣುತ್ತದೆ.

ಹಿತ್ತಲಲ್ಲಿ ಕರಿಬೇವು, ನೀರು ಸದಾ ಹರಿಯುವ ಕಡೆ ಬಸಳೆ, ಕುಂಡದಲ್ಲಿ ದೊಡ್ಡಪತ್ರೆ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು ಕೂತಿದ್ದರೆ ಅದು ಚಿಟ್ಟೆಯ ಮರಿ. ಗಿಡ ದೊಡ್ಡದಿದ್ದರೆ ನಾಲ್ಕನ್ನು ಬಿಟ್ಟುಬಿಡಿ, ಅವು ತಿನ್ನುವಷ್ಟು ನಾವೂ ಒಗ್ಗರಣೆಗೆ ಕಿತ್ತಿರುತ್ತೇವೆ. ಸಣ್ಣ ಮಕ್ಕಳಿರುವ ಮನೆಯಲ್ಲಿ ಕಣಗಿಲೆ ಬೇಡ, ಅದರ ಎಲ್ಲ ಭಾಗವೂ ವಿಷ.

ಹುಲ್ಲುಹಾಸಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಈ ಅಳತೆಯ ಅಂಗಳದಲ್ಲಿ ಅದು ಕತ್ತರಿಸುವ ಕೂಲಿ, ಕುಡಿಯುವ ನೀರು ಎರಡನ್ನೂ ನುಂಗಿ, ಕಾರಿನ ನೆರಳಿನಲ್ಲಿ ಬೋಳಾಗುತ್ತದೆ. ಪ್ಲಾಸ್ಟಿಕ್ ಹುಲ್ಲಿನ ಚಾಪೆಯ ಬಗ್ಗೆ ಹೇಳದಿರುವುದೇ ವಾಸಿ. ಏಪ್ರಿಲ್ ಮಧ್ಯಾಹ್ನ ಬರಿಗಾಲಿನಲ್ಲಿ ಅದರ ಮೇಲೆ ನಿಂತು ನೋಡಿ.

ಏಳು: ಅಲಂಕಾರ

ಕಣ್ಣು ಮೊದಲು ಹೋಗಿ ನಿಲ್ಲಲು ಒಂದು ವಸ್ತು ಸಾಕು. ಕೊಕ್ಕರೆ, ಬುದ್ಧ, ಅಣಬೆ, ಕಾರಂಜಿ ಎಲ್ಲವನ್ನೂ ಹತ್ತು ಅಡಿಯೊಳಗೆ ಸೇರಿಸಿದರೆ ಗಿಡ ಹಿಂದೆ ಸರಿಯುತ್ತದೆ. ನಮ್ಮಲ್ಲಿ ಆ ಜಾಗ ತುಳಸಿಕಟ್ಟೆಯದು. ಸಿದ್ಧ ಸಿಮೆಂಟಿನ ಕಟ್ಟೆ ಕೊಳ್ಳುವಾಗ ತಳದಲ್ಲಿ ತೂತು ಇದೆಯೇ ನೋಡಿ. ಅನೇಕದರಲ್ಲಿ ಇರುವುದಿಲ್ಲ, ನೀರು ನಿಂತು ಬೇರು ಕೊಳೆಯುತ್ತದೆ. ಒಳಗಿನ ಬಾಯಿ ಒಂದು ಅಡಿಯಾದರೂ ಇರಲಿ. ತುಳಸಿಗೆ ನಾಲ್ಕೈದು ಗಂಟೆ ಬಿಸಿಲು ಬೇಕು, ಕದಿರು ಬಂದಂತೆಲ್ಲ ಚಿವುಟಿದರೆ ಗಿಡ ಪೊದೆಯಾಗಿ ಬಹುಕಾಲ ಬಾಳುತ್ತದೆ. ಕಟ್ಟೆಯ ಸುತ್ತ ಪ್ರದಕ್ಷಿಣೆಗೆ ಎರಡು ಅಡಿ ಬಿಡಿ. ಕಾರ್ತಿಕದಲ್ಲಿ ಉತ್ಥಾನ ದ್ವಾದಶಿಯ ಸಂಜೆ ನೆಲ್ಲಿಯ ಕೊಂಬೆ ನೆಟ್ಟು ದೀಪ ಹಚ್ಚುವಾಗ ಆ ಎರಡು ಅಡಿಯ ಬೆಲೆ ತಿಳಿಯುತ್ತದೆ.

ಹಾಗೆಯೇ ಬಾಗಿಲ ಮುಂದೆ ರಂಗೋಲಿಗೆ ನಾಲ್ಕು ಅಡಿ ಚೌಕ, ಒರಟಿಲ್ಲದ ನೆಲ. ಅಲ್ಲಿ ಏನನ್ನೂ ಇಡಬೇಡಿ, ಕುಂಡವನ್ನೂ.

ಅಜ್ಜಿಮನೆಯ ಕಲ್ಲಿನ ಬಾನಿ ಸಿಕ್ಕಿದರೆ ಬಿಡಬೇಡಿ. ದನಕ್ಕೆ ಕಲಗಚ್ಚು ಹಾಕುತ್ತಿದ್ದ ಬಾನಿಯಲ್ಲಿ ನಾವು ನೈದಿಲೆ ಬೆಳೆದಿದ್ದೇವೆ. ತಳಕ್ಕೆ ನಾಲ್ಕು ಇಂಚು ಜೇಡಿಮಣ್ಣು, ಗೆಡ್ಡೆ, ಮೇಲೆ ಒಂದಿಷ್ಟು ಬೆಣಚುಕಲ್ಲು, ಆಮೇಲೆ ನಿಧಾನಕ್ಕೆ ನೀರು. ನಾಲ್ಕು ಗಪ್ಪಿ ಮೀನು ಬಿಟ್ಟರೆ ಸೊಳ್ಳೆಯ ಮರಿಗಳನ್ನು ಅವೇ ನೋಡಿಕೊಳ್ಳುತ್ತವೆ. ಕುಂಡದ ಕೆಳಗಿನ ತಟ್ಟೆಗಳ ನೀರನ್ನು ಮಾತ್ರ ವಾರಕ್ಕೊಮ್ಮೆ ನೀವೇ ಚೆಲ್ಲಿ, ಅಂಚನ್ನು ಉಜ್ಜಿ ತೊಳೆಯಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ಎಂಟು ಹತ್ತು ದಿನ ತೆಗೆದುಕೊಳ್ಳುತ್ತದೆ, ವಾರದ ಲೆಕ್ಕ ಅದಕ್ಕೇ.

ಕೂರಲು ಜಾಗ ಮಾಡಿ. ಬೆತ್ತದ ತೂಗುಕುರ್ಚಿ ಜಾಹೀರಾತಿನಲ್ಲಿ ಚೆಂದ, ಒಂದು ಮಳೆಗಾಲಕ್ಕೆ ಬೂಸ್ಟು ಹಿಡಿಯುತ್ತದೆ. ಎರಡು ಗುಂಡುಕಲ್ಲಿನ ಮೇಲೆ ನಾಲ್ಕು ಅಡಿಯ ಚಪ್ಪಡಿ ಇಟ್ಟರೆ ಜಗುಲಿ. ಹದಿನಾರು ಹದಿನೇಳು ಇಂಚು ಎತ್ತರ ಮೊಣಕಾಲಿಗೆ ಹಿತ. ಅದು ಬೀದಿಯ ಕಡೆಗಲ್ಲ, ಗಿಡದ ಕಡೆಗೆ ಮುಖ ಮಾಡಿರಲಿ. ಸೊಪ್ಪು ಬಿಡಿಸುವುದು, ಹೂ ಕಟ್ಟುವುದು, ಪೇಪರ್ ಓದುವುದು ತಾನಾಗಿ ಹೊರಗೆ ಬರುತ್ತದೆ.

ದೀಪ ಕೊನೆಯ ಮಾತು. 2700ರಿಂದ 3000 ಕೆಲ್ವಿನ್ ಎಂದು ಬರೆದಿರುವ, ಮೂರು ವ್ಯಾಟಿನ ಹಳದಿ ಎಲ್‌ಇಡಿ ಎರಡು ಮೂರು ಸಾಕು. ದೀಪ ಕಾಣಬಾರದು, ಅದರ ಬೆಳಕು ಬಿದ್ದ ಗೋಡೆ ಅಥವಾ ಎಲೆ ಕಾಣಬೇಕು. ಮೊಣಕಾಲಿಗಿಂತ ಕೆಳಗೆ, ದಾರಿಯ ಮೇಲೆ ಬೀಳುವಂತೆ ತಿರುಗಿಸಿಡಿ. ಹನ್ನೆರಡು ವೋಲ್ಟಿನ ದೀಪಗಳೇ ಆದರೆ ಒದ್ದೆ ನೆಲದಲ್ಲಿ ನೆಮ್ಮದಿ. ಮನೆಯ ಕರೆಂಟನ್ನೇ ಹೊರಗೆ ತರುವುದಾದರೆ ತಂತಿ ಪೈಪಿನೊಳಗೆ ಇರಲಿ, ಕರೆಂಟು ಸೋರಿದೊಡನೆ ತಾನೇ ಕಡಿಯುವ ಆರ್‌ಸಿಸಿಬಿ ಸ್ವಿಚ್ಚು ಹಾಕಿಸದೆ ಎಲೆಕ್ಟ್ರಿಷಿಯನ್ನನ್ನು ಬಿಡಬೇಡಿ. ಸ್ವಿಚ್ಚು ಬಾಗಿಲ ಒಳಗೇ ಇರಲಿ, ಮಲಗುವಾಗ ಆರಿಸಲು. ಒಂದು ವರ್ಷ ನಮ್ಮ ಗೇಟಿನ ಕಂಬದ ದೀಪ ರಾತ್ರಿಯಿಡೀ ಉರಿಯುತ್ತಿತ್ತು. ಅದರ ಕೆಳಗಿನ ಸೇವಂತಿಗೆ ಆಳೆತ್ತರ ಬೆಳೆಯಿತು, ಡಿಸೆಂಬರ್ ಕಳೆದರೂ ಮೊಗ್ಗಿಲ್ಲ. ಸೇವಂತಿಗೆ ಮೊಗ್ಗು ಹಿಡಿಯಲು ದೀರ್ಘ ಕತ್ತಲೆ ಬೇಕು. ಬೆಳೆಗಾರರು ಹೂವನ್ನು ತಡಮಾಡಬೇಕಾದಾಗ ಬೇಕೆಂದೇ ರಾತ್ರಿ ದೀಪ ಹಾಕುತ್ತಾರೆ. ನಾನು ಗೊತ್ತಿಲ್ಲದೆ ಅದನ್ನೇ ಮಾಡಿದ್ದೆ. ಮುಂದಿನ ವರ್ಷ ದೀಪ ಆರಿಸಿದೆವು, ಕಾರ್ತಿಕಕ್ಕೆ ಹೂ ಬಂತು.

ಎಂಟು: ಉಳಿಸಿಕೊಳ್ಳುವುದು

ನೀರನ್ನು ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವುದಕ್ಕಿಂತ ಎರಡು ದಿನಕ್ಕೊಮ್ಮೆ ಬುಡ ನೆನೆಯುವಷ್ಟು ಹಾಕಿ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ, ತೇವ ತಾಗಿದರೆ ಅಂದು ಬೇಡ. ದಾಸವಾಳದ ಕುಡಿಯಲ್ಲಿ ಬಿಳಿ ಹತ್ತಿಯಂತೆ ಹಿಟ್ಟು ತಿಗಣೆ ಕಂಡರೆ ಮೊದಲು ಜೋರು ನೀರಿನಿಂದ ತೊಳೆಯಿರಿ. ಹೋಗದಿದ್ದರೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರವ ಬೆರೆಸಿ ಸಂಜೆ ಸಿಂಪಡಿಸಿ. ಕಾಂಡದ ಮೇಲೆ ಇರುವೆ ಸಾಲು ಹತ್ತುತ್ತಿದ್ದರೆ ತಿಗಣೆ ಇದೆಯೆಂದೇ ಲೆಕ್ಕ. ಅದು ಸುರಿಸುವ ಸಿಹಿಗಾಗಿ ಇರುವೆ ಅದನ್ನು ಕಾಯುತ್ತದೆ.

ಜೂನಿನಲ್ಲಿ ಪೆನ್ಸಿಲ್ ದಪ್ಪದ ದಾಸವಾಳದ ಕಡ್ಡಿಗಳನ್ನು ಆರೆಂಟು ಇಂಚಿಗೆ ಕತ್ತರಿಸಿ ನೆಟ್ಟರೆ ಹೊಸ ಗಿಡ. ಹೆಚ್ಚಾದದ್ದನ್ನು ಪಕ್ಕದ ಮನೆಯವರಿಗೆ ಕೊಟ್ಟು ಅವರ ಸೇವಂತಿಗೆ ಸಸಿ ಕೇಳಿ.

ನವೆಂಬರ್ ಕೊನೆಗೆ ಗುಂಡುಮಲ್ಲಿಗೆಯ ಸರದಿ. ಎರಡು ವಾರ ನೀರು ಕಡಿಮೆ ಮಾಡಿ, ಆಮೇಲೆ ಹರಿತವಾದ ಕತ್ತರಿಯಿಂದ ಇಡೀ ಗಿಡವನ್ನು ಒಂದೂವರೆ ಅಡಿಗೆ ಸವರಬೇಕು. ಎಲೆಯನ್ನೂ ಉದುರಿಸಿ, ಬುಡ ಬಿಡಿಸಿ ಗೊಬ್ಬರ ಕೊಟ್ಟು ನೀರು ಹಾಕಿ. ಮೊದಲ ವರ್ಷ ಕೈ ನಡುಗಿತ್ತು. ನಾನು ತುದಿ ತುದಿಯನ್ನು ಮಾತ್ರ ಕತ್ತರಿಸಿದ್ದೆ, ಆ ಬೇಸಿಗೆ ಬೊಗಸೆ ಹೂ ಕೂಡ ಸಿಗಲಿಲ್ಲ. ಈಗ ಅತ್ತೆ ಪಕ್ಕದಲ್ಲಿ ನಿಂತು "ಇನ್ನೂ ಕೆಳಗೆ, ಇನ್ನೂ ಕೆಳಗೆ" ಎನ್ನುತ್ತಾರೆ. ಮನೆಗೆ ಬಂದವರು ಬೋಳು ಕಡ್ಡಿಗಳನ್ನು ನೋಡಿ ಗಿಡ ಹೋಯಿತೇ ಎಂದು ಕೇಳುತ್ತಾರೆ. ಫೆಬ್ರವರಿ ಮುಗಿಯುವ ಹೊತ್ತಿಗೆ ಬನ್ನಿ ಎಂದು ಹೇಳಿ ಕಳಿಸುತ್ತೇವೆ.